ಸೆರೆಯಾಳಿಗೆ ಕೊಟ್ಟ ಮಾತು

(ಶ್ರೀಮಠದ ಮಹೋತ್ಸವದ ಅಂಗವಾಗಿ ಬಿಕ್ಕೋಡಿನಲ್ಲಿ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)

 ಮಹೋತ್ಸವದ ದಿನದಲ್ಲಿ ಮಂಗಳದ ಮಾತನ್ನೇ ಆಡುವುದು ವಾಡಿಕೆಯಾಗಿದೆ. ಆದಾಗ್ಯೂ ಯುದ್ಧಕಾಲದಲ್ಲಿ ಆಯುಧವಿಲ್ಲದ ಪ್ರಜೆಗಳನ್ನೂ ಸೆರೆಸಿಕ್ಕವರನ್ನೂ ನಡೆಸಿಕೊಳ್ಳಬೇಕಾದ ಧರ್ಮವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಗಿರುತ್ತದೆ. ಈ ವಿಷಯವು ದೂರದ ದೇಶಗಳಿಗೆ ಸಂಬಂಧಿಸಿದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಬೇಲೂರಿನ ಹೆಬ್ಬಾಗಿಲನ್ನೂ ಹಳೇಬೀಡಿನ ಭಗ್ನವಿಗ್ರಹಗಳನ್ನೂ ಬಾಲ್ಯದಿಂದ ಕಂಡು ಬೆಳೆದ ನಮಗೆ ಇದು ಮನೆಯ ಮುಂದಿನ ವಿಷಯವೇ ಆಗಿದೆ.

ನಮ್ಮ ಸೀಮೆಯ ಊರಹೊರಗಿನ ವೀರಗಲ್ಲುಗಳನ್ನು ನೀವೆಲ್ಲರೂ ನೋಡಿದ್ದೀರಿ. ಕೆಳಗಣ ಹಲಗೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಇಂತಹ ಕಲ್ಲುಗಳ ಬರಹಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ: ತುರುಗೋಳ್, ಪೆಣ್ಬುಯ್ಯಲ್, ಊರಳಿವು. ಹಸುಗಳನ್ನು ಹೊಡೆದುಕೊಂಡು ಹೋದದ್ದು, ಹೆಂಗಸರು ಮೊರೆಯಿಟ್ಟದ್ದು, ಊರೇ ಹಾಳಾದದ್ದು ಎಂದು ಇವುಗಳ ಅರ್ಥ. ಅಡ್ಡನಿಂತು ಮಡಿದ ವೀರನ ಹೆಸರು ಕಲ್ಲಿನಲ್ಲಿ ಉಳಿಯಿತು. ಮೊರೆಯಿಟ್ಟ ಹೆಂಗಸರ ಹೆಸರು ಉಳಿಯಲಿಲ್ಲ. ಯುದ್ಧದ ಮೊದಲನೆಯ ಏಟು ಆಯುಧವಿಲ್ಲದವರ ಮೇಲೆಯೇ ಬೀಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಚಾಲುಕ್ಯ ಸತ್ಯಾಶ್ರಯನ ಕಾಲದ, 1007ನೆಯ ಇಸವಿಯ ಹೊಟ್ಟೂರಿನ ಶಾಸನವನ್ನು ನೋಡಿರಿ. ಚೋಳನು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ನಾಡನ್ನು ಸೂರೆಗೊಂಡು, ಸ್ತ್ರೀಯರನ್ನೂ ಶಿಶುಗಳನ್ನೂ ಕೊಂದನೆಂದು ಅದು ದೂರುತ್ತದೆ. ಶತ್ರುವನ್ನು ಕುರಿತ ಬರಹವಾದುದರಿಂದ ಲೆಕ್ಕದಲ್ಲಿ ಹೆಚ್ಚಳವಿದ್ದೀತು. ಆದರೆ ಆ ನಿಂದೆಯೊಳಗೆ ಒಂದು ಅಳತೆಗೋಲು ಅಡಗಿದೆ. ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುವುದು ಅರಸನಿಗೆ ಕಳಂಕವೆಂದು ಸಾವಿರ ವರ್ಷಗಳ ಹಿಂದೆಯೇ ಜನರು ಬಲ್ಲವರಾಗಿದ್ದರು. ಬಲ್ಲದ್ದರಿಂದಲೇ ಅದನ್ನು ಕಲ್ಲಿನಲ್ಲಿ ಕೊರೆಯಿಸಿದರು. ಅದೇ ಅಳತೆಗೋಲನ್ನು ನಮ್ಮವರಿಗೂ ಹಿಡಿಯಬೇಕಾಗುತ್ತದೆ. ಹೊಯ್ಸಳ ವಿಷ್ಣುವರ್ಧನನಿಗೆ ತಲಕಾಡುಗೊಂಡನೆಂಬ ಬಿರುದು ಬಂದಿತು. 1117ರಲ್ಲಿ ಬೇಲೂರಿನಲ್ಲಿ ದೇವರ ಪ್ರತಿಷ್ಠೆಯೂ ಆಯಿತು. ಕೋಟೆ ಬಿದ್ದ ದಿನ ತಲಕಾಡಿನ ಬಡಪ್ರಜೆಗಳ ಪಾಡೇನಾಯಿತೆಂಬುದನ್ನು ಆ ಬಿರುದು ಹೇಳುವುದಿಲ್ಲ. ಬಿರುದುಗಳು ಗೆದ್ದವನ ಮಾತನ್ನು ಮಾತ್ರ ಆಡುತ್ತವೆ.

ಇನ್ನು ನಮ್ಮ ದೋರಸಮುದ್ರದ ಕಥೆಗೆ ಬರುತ್ತೇನೆ. 1311ರಲ್ಲಿ ದಿಲ್ಲಿಯ ಸೇನಾನಿ ಮಲಿಕ್ ಕಾಫೂರನು ದಂಡೆತ್ತಿ ಬಂದಾಗ ಮೂರನೆಯ ವೀರಬಲ್ಲಾಳನು ಸಂಧಿಯನ್ನು ಮಾಡಿಕೊಂಡನು. ಆನೆ ಕುದುರೆಗಳನ್ನೂ ಭಂಡಾರವನ್ನೂ ಒಪ್ಪಿಸಿದನು. ಅವನ ಮಗನಾದ ವೀರ ವಿರೂಪಾಕ್ಷನು ದಿಲ್ಲಿಗೆ ಹೋಗಬೇಕಾಯಿತು. ಅವನು 1313ರಲ್ಲಿ ಕ್ಷೇಮವಾಗಿ ಮರಳಿದ ಸಂಗತಿಯು ಶಾಸನದಿಂದ ತಿಳಿದುಬರುತ್ತದೆ. 1327ರ ಸುಮಾರಿಗೆ ಮಹಮ್ಮದ್ ತುಘಲಕನ ಸೈನ್ಯವು ಮತ್ತೆ ಬಂದು ರಾಜಧಾನಿಯನ್ನು ಹಾಳುಗೆಡವಿತು. ಬಲ್ಲಾಳನು ತಿರುವಣ್ಣಾಮಲೆಯಿಂದ ರಾಜ್ಯಭಾರವನ್ನು ಮುಂದುವರಿಸಿದನು. ಅರಸನಿಗೆ ಇನ್ನೊಂದು ಬೀಡು ದೊರೆಯಿತು. ಅಗಸನಿಗೂ ಕುಂಬಾರನಿಗೂ ಎಲ್ಲಿ ದೊರೆಯಿತೋ ಚರಿತ್ರೆಯು ಬರೆದಿಡಲಿಲ್ಲ.

ಈ ಬಲ್ಲಾಳನ ಅಂತ್ಯಕಾಲವು ನಾವು ಚೆನ್ನಾಗಿ ಮನನ ಮಾಡತಕ್ಕ ಸಂಗತಿಯಾಗಿದೆ. ಅದನ್ನು ಬರೆದಿಟ್ಟವನು ಕನ್ನಡಿಗನಲ್ಲ, ಹಿಂದುವೂ ಅಲ್ಲ. ಮೊರಾಕ್ಕೊ ದೇಶದ ಯಾತ್ರಿಕನಾದ ಇಬ್ನ್ ಬತೂತ. ಇವನು ಮಧುರೆಯ ಸುಲ್ತಾನನಾದ ಘಿಯಾಸುದ್ದೀನನಿಗೆ ಮದುವೆಯ ಸಂಬಂಧದಿಂದ ಷಡ್ಡಕನಾಗಬೇಕು. ಅವನ ಬರಹದಂತೆ, 1342ರ ಸುಮಾರಿಗೆ ಬಲ್ಲಾಳನು ಕಾವೇರಿಯ ಬಳಿಯ ಕಣ್ಣನೂರನ್ನು ಮುತ್ತಿದನು. ಒಳಗಿನವರು ಅಭಯವನ್ನು ಬೇಡಿ, ತಮ್ಮ ಸುಲ್ತಾನನಿಗೆ ಬರೆದು ಕೇಳಲು ಅವಕಾಶ ಕೊಡಬೇಕೆಂದರು. ಬಲ್ಲಾಳನು ಹದಿನಾಲ್ಕು ದಿನಗಳ ಗಡುವನ್ನು ಕೊಟ್ಟನು. ಆ ಗಡುವಿನಲ್ಲಿಯೇ ಮಧುರೆಯ ದಂಡು ಬಂದು, ಮಧ್ಯಾಹ್ನದ ವಿಶ್ರಾಂತಿಯ ವೇಳೆಯಲ್ಲಿ ಪಾಳೆಯದ ಮೇಲೆ ಬಿದ್ದಿತು. ಎಂಬತ್ತರ ವೃದ್ಧನಾದ ಅರಸನು ಸೆರೆಸಿಕ್ಕಿದನು. ಸುಲ್ತಾನನು ಮೊದಲು ಮರ್ಯಾದೆಯಿಂದ ಕಂಡು, ಬಿಡುಗಡೆಯ ಮಾತು ಕೊಟ್ಟು, ಅವನಿಂದ ಹಣವನ್ನೂ ಆನೆ ಕುದುರೆಗಳನ್ನೂ ತರಿಸಿಕೊಂಡನು. ಎಲ್ಲವೂ ಕೈಸೇರಿದ ಬಳಿಕ ಕೊಲ್ಲಿಸಿ, ಚರ್ಮವನ್ನು ಸುಲಿಸಿ ಹುಲ್ಲು ತುಂಬಿಸಿ ಮಧುರೆಯ ಗೋಡೆಗೆ ತೂಗಹಾಕಿಸಿದನು. ಅಲ್ಲಿ ಅದು ತೂಗುತ್ತಿದ್ದುದನ್ನು ಕಣ್ಣಾರೆ ಕಂಡೆನೆಂದು ಇಬ್ನ್ ಬತೂತನು ಬರೆದಿದ್ದಾನೆ.

ರಣರಂಗದಲ್ಲಿ ಮಡಿದಿದ್ದರೆ ಅದು ಯುದ್ಧಧರ್ಮ. ಕೈಯಿಂದ ಖಡ್ಗವು ಜಾರಿದ ಮೇಲೆ, ಮಾತನ್ನು ಕೊಟ್ಟ ಮೇಲೆ, ಒತ್ತೆಯ ಹಣವನ್ನು ಎಣಿಸಿಕೊಂಡ ಮೇಲೆ ಕೊಂದದ್ದು ಯಾವ ಧರ್ಮ? ಸೆರೆಯಾಳಿಗೆ ಕೊಟ್ಟ ಮಾತಿಗೆ ಹಿಂದೆ ಬಲವಿರುವುದಿಲ್ಲ. ಮುರಿದರೆ ಕೇಳುವವರಿಲ್ಲ. ಆದುದರಿಂದಲೇ ಗೆದ್ದವನ ಯೋಗ್ಯತೆಯನ್ನು ತೂಗುವ ತಕ್ಕಡಿಯು ಅದೇ ಆಗಿದೆ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಮನಸ್ಸಿನಲ್ಲಿ ದ್ವೇಷವನ್ನು ಕಟ್ಟಿಕೊಂಡು ಎದ್ದುಹೋಗುವವರು ಅನೇಕರಿದ್ದಾರೆ. ಅಂಥವರು ಮುಂದಿನ ಭಾಗವನ್ನೂ ಕೇಳಬೇಕು. ಅದೇ ಸುಲ್ತಾನನು ಕಾಡಿನಲ್ಲಿ ಸಿಕ್ಕಿದ ಪ್ರಜೆಗಳನ್ನು ಹೆಂಡಿರು ಮಕ್ಕಳ ಸಮೇತ ಕ್ರೂರವಾಗಿ ಕೊಲ್ಲಿಸುತ್ತಿದ್ದನು. ಒಂದು ದಿನ ಊಟದ ವೇಳೆಯಲ್ಲಿ ಒಬ್ಬ ಸೆರೆಯಾಳನ್ನೂ ಅವನ ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಎಳೆತರಿಸಿ ಕೊಲ್ಲಿಸಿದಾಗ, ಎದುರಿಗಿದ್ದ ಇಬ್ನ್ ಬತೂತನು ಮುಖವನ್ನು ತಿರುಗಿಸಿಕೊಂಡನು. ಇಂತಹ ಹೇಯವಾದ ಕೆಲಸವನ್ನು ಬೇರಾವ ಅರಸನೂ ಮಾಡಿದ್ದನ್ನು ತಾನು ಅರಿಯೆನೆಂದೂ, ಇದಕ್ಕಾಗಿಯೇ ದೇವರು ಅವನ ಮರಣವನ್ನು ತ್ವರೆಗೊಳಿಸಿದನೆಂದೂ ಬರೆದಿಟ್ಟನು. ಮತವೊಂದೇ, ನಂಟಸ್ತಿಕೆಯೂ ಉಂಟು, ಉಂಡ ಅನ್ನದ ಋಣವೂ ಉಂಟು. ಆದರೂ ಅವನ ಲೇಖನಿಯು ಸುಳ್ಳಾಡಲಿಲ್ಲ. ನಮ್ಮ ಅರಸನಿಗಾದ ಅನ್ಯಾಯಕ್ಕೆ ಸಾಕ್ಷಿಯಾಗಿ ನಿಂತವನು ಸುಲ್ತಾನನ ಮತದವನೇ ಎಂಬುದನ್ನು ಮರೆಯುವುದು ಕೃತಘ್ನತೆಯಾದೀತು.

ಕ್ರೌರ್ಯಕ್ಕೆ ಮತದ ಎಲ್ಲೆಯಿಲ್ಲ. 1791ರಲ್ಲಿ ಶೃಂಗೇರಿಯ ಮಠವನ್ನು ಸೂರೆಗೊಂಡವರು ಮರಾಠರ ದಂಡಿನ ಸವಾರರು. ಆ ಮಠದ ಜೀರ್ಣೋದ್ಧಾರಕ್ಕೆ ದ್ರವ್ಯವನ್ನು ಕಳುಹಿಸಿ ಕಾಗದ ಬರೆದವನು ಟಿಪ್ಪುಸುಲ್ತಾನನು. ಅದೇ ಟಿಪ್ಪುವು ಕೊಡಗಿನವರನ್ನೂ ಮಂಗಳೂರಿನ ಕ್ರೈಸ್ತರನ್ನೂ ಕುಟುಂಬ ಸಮೇತವಾಗಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನೆಂಬುದೂ ಅಷ್ಟೇ ಸತ್ಯ. ಕಲ್ಯಾಣದಿಂದ ಉಳವಿಯವರೆಗೆ ದಂಡು ಬೆನ್ನಟ್ಟಿದ ಶರಣರ ಪರಂಪರೆಯಲ್ಲಿ ಬಂದವರು ನಾವು. ಓಡುವವನ ಸಂಕಟವು ನಮಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿದೀತು?

ಇದಕ್ಕೆ ಎದುರಾದ ನಿದರ್ಶನವೊಂದು ನಮ್ಮ ಸಮಾಜದ ಚರಿತ್ರೆಯಲ್ಲಿಯೇ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮಡಿದನು. ಅವನ ಸಹಾಯಕರಾದ ವಾಲ್ಟರ್ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಸೆರೆಸಿಕ್ಕಿದರು. ರಾಜ್ಯವನ್ನೇ ಕಸಿಯಬಂದವರ ಕಡೆಯವರು ಕೈಗೆ ಸಿಕ್ಕಿರುವಾಗ ಸೇಡಿನ ಆಸೆಯು ಸಹಜವಾದುದು. ಆದರೂ ಐದಾರು ವಾರಗಳ ಕಾಲ ಅವರ ಪ್ರಾಣಕ್ಕೆ ಹಾನಿ ಬರಲಿಲ್ಲ. ಡಿಸೆಂಬರಿನ ಮೊದಲಲ್ಲಿ ಅವರನ್ನು ಬಿಟ್ಟುಕೊಡಲಾಯಿತು. ಬಿಟ್ಟ ಬೆನ್ನಿಗೇ ಕಂಪೆನಿಯ ಫಿರಂಗಿಗಳು ಕೋಟೆಯನ್ನು ಒಡೆದವು. ರಾಣಿ ಚೆನ್ನಮ್ಮನವರು ತಾವೇ ಸೆರೆಯಾಗಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಲಿಂಗೈಕ್ಯರಾದರು.

ಹಾಗಾದರೆ ಸೆರೆಯಾಳುಗಳನ್ನು ಉಳಿಸಿದ್ದರಿಂದ ಫಲವೇನೆಂದು ಕೇಳಬಹುದು. ಕೋಟೆಯೇನೋ ಉಳಿಯಲಿಲ್ಲ. ಆದರೆ ಅಂದು ಇಪ್ಪತ್ತೊಂದರ ತರುಣನಾಗಿದ್ದ ಎಲಿಯಟ್ಟನು ಮುಂದೆ ಕನ್ನಡನಾಡಿನ ಊರೂರುಗಳಿಂದ ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಅವನ ಸಂಗ್ರಹದಲ್ಲಿ ಸೇರಿದವು 595. ಚಾಲುಕ್ಯರ ಚರಿತ್ರೆಯನ್ನು ಶಾಸನಗಳಿಂದ ತಿಳಿಯುವ ಕೆಲಸಕ್ಕೆ ಅವು ಬುನಾದಿಯಾದವು. ಕಿತ್ತೂರಿನಲ್ಲಿ ಸೇಡಿನ ಕೈ ಮೇಲಾಗಿದ್ದರೆ ಆ ಸಂಗ್ರಹವು ಹುಟ್ಟುತ್ತಲೇ ಇರಲಿಲ್ಲ. ಉಳಿಸಿದವರು ಇದನ್ನು ಎಣಿಸಿ ಉಳಿಸಿದವರಲ್ಲ. ಫಲವನ್ನು ಎಣಿಸದೆ ಮಾಡಿದ ರಕ್ಷಣೆಯೇ ಧರ್ಮವೆನ್ನಿಸಿಕೊಳ್ಳುತ್ತದೆ.

ಕಾಲಕ್ರಮದಲ್ಲಿ ಲೋಕವು ಈ ಧರ್ಮವನ್ನು ಕಾನೂನಾಗಿ ಬರೆದುಕೊಂಡಿತು. ಸೆರೆಯಾಳುಗಳ ವಿಷಯವಾಗಿ 1929ರಲ್ಲಿ ಜಿನೀವಾ ನಗರದಲ್ಲಿ ಒಡಂಬಡಿಕೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಸೈನಿಕರು ಸಾವಿರಗಟ್ಟಲೆಯಾಗಿ ನಮ್ಮ ಬೆಂಗಳೂರಿನ ಶಿಬಿರಗಳಲ್ಲಿ ಈ ಒಡಂಬಡಿಕೆಯ ಆಶ್ರಯದಲ್ಲಿಯೇ ಇದ್ದರು. 1949ರ ಆಗಸ್ಟ್ 12ರಂದು ನಾಲ್ಕು ಒಡಂಬಡಿಕೆಗಳಾದವು. ಮೂರನೆಯದು ಸೆರೆಯಾಳುಗಳಿಗೆ, ನಾಲ್ಕನೆಯದು ಪ್ರಜೆಗಳಿಗೆ ಸಂಬಂಧಿಸಿದೆ. ಯುದ್ಧವು ಮುಗಿದ ಮೇಲೆ ಸೆರೆಯಾಳುಗಳನ್ನು ತಡಮಾಡದೆ ಅವರ ದೇಶಕ್ಕೆ ಕಳುಹಿಸತಕ್ಕದ್ದು. ಪ್ರಜೆಗಳನ್ನು ಒತ್ತೆಯಿಡಕೂಡದು, ಸೂರೆಮಾಡಕೂಡದು, ಒಬ್ಬನ ತಪ್ಪಿಗೆ ಊರನ್ನೆಲ್ಲ ದಂಡಿಸಕೂಡದು. ಭಾರತವು 1960ರಲ್ಲಿ ಇದಕ್ಕಾಗಿ ಕಾಯಿದೆಯನ್ನು ಮಾಡಿತು. 1971ರ ಯುದ್ಧದಲ್ಲಿ ನಮ್ಮ ಕೈಸೇರಿದ ಸುಮಾರು 93,000 ಮಂದಿ ಸೆರೆಯಾಳುಗಳು ಜೀವಂತವಾಗಿ ತಮ್ಮ ದೇಶಕ್ಕೆ ಮರಳಿದರು. ವೀರಗಲ್ಲಿನ ಊರಳಿವೂ ಕಣ್ಣನೂರಿನ ಮೋಸವೂ ಈಗ ಹೆಸರಿಟ್ಟು ಕರೆಯಲ್ಪಡುವ ಅಪರಾಧಗಳು. ಆದರೂ ಇಂದಿಗೂ ಲೋಕದ ಯುದ್ಧಗಳಲ್ಲಿ ಕೂಸುಗಳು ಸಾಯುತ್ತಲೇ ಇವೆ. ಬರೆದ ಕಾನೂನು ಕಾಗದದ ಮೇಲಿರುತ್ತದೆ. ಅದನ್ನು ಕಾಯುವ ದಯೆಯು ಮನುಷ್ಯರ ಎದೆಯಲ್ಲಿರಬೇಕಾಗುತ್ತದೆ.

ಬೇಲೂರಿನ ಹೆಬ್ಬಾಗಿಲನ್ನು ಗಂಗಸಾಲಾರನೆಂಬವನು ಸುಟ್ಟನೆಂದೂ, ವಿಜಯನಗರದ ಹರಿಹರನ ದಂಡನಾಯಕನಾದ ಗುಂಡನು 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದನೆಂದೂ ಶಾಸನವು ಹೇಳುತ್ತದೆ. ಸುಟ್ಟುದನ್ನು ಅದು ಮುಚ್ಚಲಿಲ್ಲ, ಕಟ್ಟಿದ್ದನ್ನೂ ಹೇಳಿತು. ನಿಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನೀವೂ ಹಾಗೆಯೇ ಎರಡನ್ನೂ ಹೇಳಿರಿ. ಮುರಿದ ಕೈಯನ್ನು ತೋರಿಸಿದವರು ಮುಖ ತಿರುಗಿಸಿಕೊಂಡ ಯಾತ್ರಿಕನ ವಿಷಯವನ್ನೂ, ಕಿತ್ತೂರಿನ ಸೆರೆಯಲ್ಲಿ ಉಳಿದ ಜೀವಗಳ ವಿಷಯವನ್ನೂ ತಿಳಿಸಿರಿ. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಯಾವ ಕಡೆಯವನೆಂದು ಶ್ರೀಮಠವು ಕೇಳುವುದಿಲ್ಲ. ಆಯುಧವನ್ನು ಕೆಳಗಿಟ್ಟವನನ್ನೂ ಹಾಗೆಯೇ ಕೇಳಬಾರದೆಂಬ ಬುದ್ಧಿಯು ಲೋಕಕ್ಕೆಲ್ಲ ಬರಲೆಂದು ಶಿವನಲ್ಲಿ ಪ್ರಾರ್ಥಿಸುತ್ತೇನೆ.