ಮನೆಯ ಮಗ್ಗುಲಿನ ಹಣ್ಣಿನ ಮರಗಳನ್ನು ಸವರುವ ಕ್ರಮ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಹಿತ್ತಲಲ್ಲಿ ಒಂದು ಮಾವು, ಒಂದು ಹಲಸು, ಬಚ್ಚಲ ನೀರು ಹರಿಯುವ ಕಡೆ ಒಂದು ಸೀಬೆ ಇಲ್ಲದ ಹಳ್ಳಿಯ ಮನೆ ಅಪರೂಪ. ಗಿಡ ನೆಟ್ಟಾಗ ಅದು ಮೊಳಕಾಲುದ್ದ ಇರುತ್ತದೆ. ಗೋಡೆಯಿಂದ ಹತ್ತು ಅಡಿ ದೂರವೇ ಬಹಳವೆಂದು ತೋರುತ್ತದೆ. ಇಪ್ಪತ್ತೈದು ವರ್ಷ ಕಳೆದ ಮೇಲೆ ಅದೇ ಗಿಡದ ಕೊಂಬೆ ಸೂರಿನ ಮೇಲೆ ಚಾಚಿ, ಗಾಳಿ ಬೀಸಿದಾಗಲೆಲ್ಲ ಹೆಂಚನ್ನು ಉಜ್ಜುತ್ತದೆ. ಎಲೆ ಬಿದ್ದು ದೋಣಿ ಕಟ್ಟಿಕೊಂಡು, ಮಳೆನೀರು ಗೋಡೆಗೆ ಇಳಿಯುತ್ತದೆ. ಕೊಂಬೆಯೇ ಸೇತುವೆಯಾಗಿ ಇಲಿಗಳು ಅಟ್ಟ ಸೇರುತ್ತವೆ.

ಆಗ ಮನೆಯ ಯಜಮಾನರಿಗೆ ಎರಡೇ ದಾರಿ ಕಾಣುತ್ತವೆ. ಒಂದು, ಮರವನ್ನೇ ಉರುಳಿಸುವುದು. ಇನ್ನೊಂದು, ಕೊಡಲಿಯವನನ್ನು ಕರೆಸಿ ತಲೆಯನ್ನು ಪೂರ್ತಿ ಬೋಳಿಸುವುದು. ಮೊದಲನೆಯದರಿಂದ ಹಿರಿಯರು ನೆಟ್ಟ ಮರ, ಅದರ ನೆರಳು, ಉಪ್ಪಿನಕಾಯಿಯ ಮಿಡಿ ಎಲ್ಲವೂ ಒಂದೇ ದಿನದಲ್ಲಿ ಹೋಗುತ್ತವೆ. ಎರಡನೆಯದು ಅದಕ್ಕಿಂತ ಅಪಾಯಕಾರಿ. ತಲೆ ಕಡಿದ ಮರ ಮೊಂಡುಗಳಿಂದ ಗೊಂಚಲು ಗೊಂಚಲಾಗಿ ಚಿಗುರುತ್ತದೆ. ಈ ಚಿಗುರುಗಳು ಒಳಗಿನ ತಿರುಳಿನಿಂದ ಬಂದವಲ್ಲ, ತೊಗಟೆಯ ಅಂಚಿಗೆ ಅಂಟಿಕೊಂಡವು. ಕೆಲವೇ ವರ್ಷಗಳಲ್ಲಿ ತೋಳಿನ ಗಾತ್ರ ಬೆಳೆದು, ಬುಡದ ಮೊಂಡು ಕೊಳೆತಾಗ, ಗಾಳಿಗೆ ಕಿತ್ತು ಅದೇ ಹೆಂಚಿನ ಮೇಲೆ ಬೀಳುತ್ತವೆ. ಮೂರನೆಯ ದಾರಿಯೊಂದಿದೆ. ಅದೇ ಕ್ರಮವರಿತು ಸವರುವುದು.

ಯಾವಾಗ ಸವರಬೇಕು?

ಮಾವು ಹೂ ಬಿಡುವುದು ಬಲಿತ ರೆಂಬೆಗಳ ತುದಿಯಲ್ಲಿ. ಕಾರ್ತಿಕದ ನಂತರ ಕತ್ತರಿ ಹಾಕಿದರೆ ಆ ಭಾಗದಲ್ಲಿ ಆ ವರ್ಷದ ಫಸಲನ್ನೇ ಕತ್ತರಿಸಿದಂತೆ. ಕಾಯಿ ಇಳಿಸಿದ ಕೂಡಲೇ ಸವರಿದರೆ, ಹೊಸ ಚಿಗುರು ಬಲಿಯಲು ಸಾಕಷ್ಟು ತಿಂಗಳು ಸಿಗುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಕಾಯಿ ಮುಗಿದೊಡನೆ, ಮುಂಗಾರು ಬಲಗೊಳ್ಳುವ ಮುನ್ನ ಈ ಕೆಲಸ ಮುಗಿಯಲಿ. ಬಯಲುಸೀಮೆಯಲ್ಲಿ ಜುಲೈ, ತಡವಾದರೆ ಆಗಸ್ಟ್ ಮೊದಲ ಭಾಗ ಸೂಕ್ತ. ಮಳೆ ಬಿಡುವು ಕೊಟ್ಟ ದಿನವನ್ನು ಆರಿಸಿಕೊಳ್ಳಬೇಕು.

ಹಲಸಿನ ರೀತಿ ಬೇರೆ. ಅದು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆ ಕಾಯಿ ಬಿಡುವುದರಿಂದ ತುದಿ ಕಡಿದರೆ ಹೆಚ್ಚು ನಷ್ಟವಿಲ್ಲ. ಆದರೆ ಕಾಯಿ ಬಿಡುವ ಗಿಡ್ಡ ರೆಂಬೆಗಳನ್ನು ಕಸವೆಂದು ಕೆತ್ತಬಾರದು. ಸೀಬೆ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ. ಗಟ್ಟಿಯಾಗಿ ಸವರಿದರೂ ತಡೆದುಕೊಳ್ಳುತ್ತದೆ. ಸಪೋಟ ನಿಧಾನವಾಗಿ ಬೆಳೆಯುವ ಮರ. ಒಣಗಿದ, ಒಂದನ್ನೊಂದು ಉಜ್ಜುವ ರೆಂಬೆಗಳನ್ನು ತೆಗೆದರೆ ಸಾಕು.

ಎಷ್ಟು ಸವರಬೇಕು?

ಎಲೆಯೇ ಮರದ ಅಡುಗೆಮನೆ. ಒಂದು ವರ್ಷದಲ್ಲಿ ಹಸಿರಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಒಳ್ಳೆಯದು. ಹಳೆಯ ಮರಕ್ಕೆ ಮೂರು ವರ್ಷದ ಯೋಜನೆ ಹಾಕಿಕೊಳ್ಳಿ. ಮೊದಲ ವರ್ಷ ಒಣಗಿದ, ರೋಗ ತಗುಲಿದ, ಹೆಂಚಿಗೆ ತಾಗುವ ಕೊಂಬೆಗಳು. ಎರಡನೆಯ ವರ್ಷ ಗೋಡೆಯ ಕಡೆ ಚಾಚಿದ ಉದ್ದ ಕೊಂಬೆಗಳು. ಮೂರನೆಯ ವರ್ಷ ಎತ್ತರ. ಕೊಂಬೆಯನ್ನು ನಡುವೆ ತುಂಡರಿಸದೆ, ಮನೆಯಿಂದ ಆಚೆಗೆ ಮುಖ ಮಾಡಿದ ಒಂದು ಕವಲಿನವರೆಗೆ ಹಿಂದಕ್ಕೆ ಕಡಿಯಬೇಕು. ಆ ಕವಲು ಕಡಿಯುವ ಕೊಂಬೆಯ ಮೂರನೇ ಒಂದು ಭಾಗದಷ್ಟಾದರೂ ದಪ್ಪವಿರಲಿ. ಮನೆಯ ಕಡೆಯದನ್ನಷ್ಟೇ ಕಡಿದರೆ ಭಾರ ಒಂದೇ ಮಗ್ಗುಲಿಗೆ ಬೀಳುತ್ತದೆ. ಎದುರು ಬದಿಯನ್ನೂ ಸ್ವಲ್ಪ ಹಗುರ ಮಾಡಬೇಕು.

ಹೇಗೆ ಕಡಿಯಬೇಕು?

ದಪ್ಪ ಕೊಂಬೆಗೆ ಮಚ್ಚು ಬೇಡ, ಗರಗಸ ಬೇಕು. ಕಡಿತ ಮೂರು:

1. ಕಾಂಡದಿಂದ ಸುಮಾರು ಒಂದು ಅಡಿ ದೂರದಲ್ಲಿ, ಕೆಳಗಿನಿಂದ ಮೇಲಕ್ಕೆ ಕೊಂಬೆಯ ಮೂರನೇ ಒಂದು ಭಾಗದಷ್ಟು ಕೊಯ್ಯಿರಿ.

2. ಅಲ್ಲಿಂದ ಎರಡು ಅಂಗುಲ ಹೊರಗೆ, ಮೇಲಿನಿಂದ ಪೂರ್ತಿ ಕೊಯ್ಯಿರಿ. ಕೊಂಬೆ ತೊಗಟೆಯನ್ನು ಸೀಳದೆ ಬೀಳುತ್ತದೆ. ಸೂರಿನ ಮೇಲಿನ ಕೊಂಬೆಯಾದರೆ ಮೊದಲೇ ಹಗ್ಗ ಕಟ್ಟಿ, ತುಂಡು ತುಂಡಾಗಿ ಇಳಿಸಿ.

3. ಉಳಿದ ಮೊಂಡನ್ನು ಕೊಂಬೆಯ ಬುಡದಲ್ಲಿ ಉಂಗುರದಂತೆ ಉಬ್ಬಿರುವ ಭಾಗದ ಹೊರಗೆ ಕೊಯ್ಯಿರಿ.

ಹಿಂದೆ ಕಾಂಡಕ್ಕೆ ಸಮನಾಗಿ ಕೆತ್ತಬೇಕೆಂದು ಹೇಳುತ್ತಿದ್ದುದುಂಟು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಅವರು 1970 ಮತ್ತು 1980ರ ದಶಕಗಳಲ್ಲಿ ಮರಗಳನ್ನು ಸೀಳಿ ಪರೀಕ್ಷಿಸಿ, ಆ ಉಬ್ಬು ಕಾಂಡದ್ದೇ ಭಾಗ, ಕೊಳೆಯನ್ನು ತಡೆಯುವ ಗೋಡೆ ಏಳುವುದು ಅಲ್ಲೇ ಎಂದು ತೋರಿಸಿದರು. ಉಬ್ಬನ್ನು ಕೆತ್ತಿದರೆ ಕೊಳೆ ಕಾಂಡಕ್ಕೆ ಇಳಿಯುತ್ತದೆ. ಮೊಂಡು ಬಿಟ್ಟರೆ ಅದೇ ಕೊಳೆಗೆ ಬಾಗಿಲಾಗುತ್ತದೆ.

ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬಹುದು. 100 ಗ್ರಾಂ ಮೈಲುತುತ್ತವನ್ನೂ 100 ಗ್ರಾಂ ಸುಣ್ಣವನ್ನೂ ಅರ್ಧರ್ಧ ಲೀಟರು ನೀರಿನಲ್ಲಿ ಬೇರೆ ಬೇರೆಯಾಗಿ, ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ನಂತರ ಬೆರೆಸಿ. ಆದರೆ ಕೆಟ್ಟ ಕಡಿತವನ್ನು ಯಾವ ಮುಲಾಮೂ ಸರಿಪಡಿಸಲಾರದು. ಹೊಸದಾಗಿ ಬಿಸಿಲಿಗೆ ಬಿದ್ದ ತೊಗಟೆಗೆ ಸುಣ್ಣ ಬಳಿಯಿರಿ.

ಎಚ್ಚರಿಕೆಗಳು

ವಿದ್ಯುತ್ ತಂತಿಯ ಹತ್ತಿರದ ಕೊಂಬೆಯನ್ನು ಮನೆಯವರು ಮುಟ್ಟಕೂಡದು. ಹಸಿ ಕೊಂಬೆಯಲ್ಲೂ ಲೋಹದ ಏಣಿಯಲ್ಲೂ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಕಚೇರಿಗೆ ತಿಳಿಸಿ, ಲೈನು ನಿಲ್ಲಿಸಿದ ಮೇಲೆಯೇ ಕೆಲಸ. ಪಾಯದ ಕಡೆ ಬಂದ ದಪ್ಪ ಬೇರನ್ನು ಕಾಂಡದ ಪಕ್ಕದಲ್ಲೇ ಕಡಿದರೆ, ಮುಂದಿನ ಬಿರುಗಾಳಿಗೆ ಮರವೇ ಉರುಳಬಹುದು. ಮರ ಟೊಳ್ಳಾಗಿ, ಬುಡದ ಮಣ್ಣು ಬಿರಿದು, ಮನೆಯ ಕಡೆ ವಾಲುತ್ತಿದ್ದರೆ ಮಾತ್ರ ಅದನ್ನು ತೆಗೆಯುವ ಯೋಚನೆ ಬರಲಿ. ಆಗಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ಹೊಸದಾಗಿ ನೆಡುವವರು ಮಾವು, ಹಲಸುಗಳನ್ನು ಗೋಡೆಯಿಂದ 30 ಅಡಿಯಾದರೂ ದೂರವಿಡಲಿ. ಜಾಗ ಕಡಿಮೆಯಿದ್ದರೆ ನಿಂಬೆ, ದಾಳಿಂಬೆ, ಸೀತಾಫಲ ಇವೆ. ಮಾವೇ ಬೇಕೆಂದರೆ ದಶಹರಿ ಮತ್ತು ನೀಲಂ ಸಂಕರದಿಂದ ಬಂದ ಗಿಡ್ಡ ತಳಿ ಆಮ್ರಪಾಲಿ ಇದೆ.

ಈ ಸಲ ಕಾಯಿ ಇಳಿಸಿದ ಮೇಲೆ ಅಂಗಳದಲ್ಲಿ ನಿಂತು ಮರವನ್ನು ಸುತ್ತಲೂ ಒಮ್ಮೆ ನೋಡಿ. ಕಡಿಯಬೇಕಾದ ಕೊಂಬೆಗಳಿಗೆ ಕೆಳಗಿನಿಂದಲೇ ಗುರುತು ಹಾಕಿ, ಆಮೇಲೆ ಗರಗಸ ಹಿಡಿಯಿರಿ. ಮರ ಬೆಳೆಯಲು ಒಂದು ತಲೆಮಾರು ಬೇಕು. ಕೆಡಿಸಲು ಒಂದು ಬೆಳಗಿನ ಹೊತ್ತು ಸಾಕು.