ಲ್ಯಾಪ್‌ಟಾಪ್ ತಾನಾಗಿ ಆಫ್ ಆಗುತ್ತಿದೆಯೇ? ಮೊದಲು ಕಾರಣ ಕೇಳಿ!

(ಹಾಸನದಲ್ಲಿ ಯುವ ಗೆಳೆಯರ ಮುಂದೆ ಆಡಿದ ಮಾತು)



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಸ್ ಹಿಡಿದು ಬಂದಿದ್ದೀರಿ. ಹಲವರ ಚೀಲದಲ್ಲಿ ಲ್ಯಾಪ್‌ಟಾಪ್ ಇದೆ. ಅಪ್ಪ ಅಮ್ಮ ಕಷ್ಟಪಟ್ಟು ಕೊಡಿಸಿದ್ದು. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಅದು ಹೇಳದೆ ಕೇಳದೆ ಆಫ್ ಆದರೆ ಹೊಟ್ಟೆ ಉರಿಯುವುದಿಲ್ಲವೇ?

ನನ್ನದೂ ಹಾಗೇ ಆಯಿತು. ಅಂಗಡಿಯಾತ ನೋಡಿದವನೇ "ಮದರ್‌ಬೋರ್ಡ್ ಹೋಗಿದೆ" ಎಂದ. ನಾನು ತಲೆಯಾಡಿಸಿದೆ. ಯಾಕೆ? ಇಂಗ್ಲಿಷ್ ಪದ ಕೇಳಿ ಹೆದರಿದೆ! ಕೊನೆಗೆ ಬೇರೆಯವರು ಬಿಚ್ಚಿ ನೋಡಿದಾಗ ಸಿಕ್ಕಿದ್ದು ಫ್ಯಾನಿಗೆ ಕಟ್ಟಿದ್ದ ಧೂಳು.

ಅದಕ್ಕೇ ಹೇಳುತ್ತೇನೆ, ಅದು ಯಾವಾಗ ಆಫ್ ಆಗುತ್ತದೆ ಎಂದು ಗಮನಿಸಿ.

ಗೇಮ್ ಆಡುವಾಗ, ಫ್ಯಾನ್ ಜೋರಾಗಿ ಕೂಗಿ, ತಳ ಸುಡುವಾಗ ಆದರೆ ಅದು ಬಿಸಿಯ ಕಾಟ. ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೊದಲು ನಿಧಾನವಾಗುತ್ತದೆ. ಇನ್ನೂ ಏರಿದರೆ ಸುಟ್ಟುಹೋಗದಿರಲೆಂದು ತಾನೇ ನಿಲ್ಲುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಗಾಳಿಕಂಡಿ ಮುಚ್ಚಬೇಡಿ. ಧೂಳು ತೆಗೆಸಿ. ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ.

ಚಾರ್ಜರ್ ತೆಗೆದಾಗ ಮಾತ್ರ, 30 ಪರ್ಸೆಂಟ್ ತೋರಿಸುತ್ತಲೇ ಆಫ್ ಆದರೆ ಬ್ಯಾಟರಿ ಸೋತಿರಬಹುದು. ಬ್ಯಾಟರಿ ಉಬ್ಬಿದ್ದರೆ ಆ ಕ್ಷಣವೇ ಬಳಸುವುದನ್ನು ನಿಲ್ಲಿಸಿ. ಬೆಂಕಿ ಹೊತ್ತೀತು, ಎಚ್ಚರ!

ನೀಲಿ ಪರದೆ ಬಂದು ಮತ್ತೆ ಆನ್ ಆದರೆ ರ‍್ಯಾಮ್ ಅಥವಾ ಡ್ರೈವರ್ ಮೇಲೆ ಅನುಮಾನವಿರಲಿ. ವಿಂಡೋಸ್‌ನಲ್ಲೇ ರ‍್ಯಾಮ್ ಪರೀಕ್ಷಿಸುವ ಸಾಧನವಿದೆ.

ಇನ್ನೊಂದು ಮಾತು. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದರೆ 'ಕರ್ನಲ್-ಪವರ್ 41' ಎಂದು ಕಾಣುತ್ತದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಅದರ ಅರ್ಥ. ಕಾರಣ ಅದರಲ್ಲಿಲ್ಲ. ಆ ಸಂಖ್ಯೆ ತೋರಿಸಿ ಬೋರ್ಡ್ ಬದಲಿಸಿ ಎಂದರೆ ಒಪ್ಪಬೇಡಿ.

ರಿಪೇರಿಗೆ ಕೊಡುವ ಮುನ್ನ ನಿಮ್ಮ ಕೆಲಸವನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಅಂಗಡಿಯಲ್ಲಿ ಅಚ್ಚಗನ್ನಡದಲ್ಲೇ ಕೇಳಿ: "ಏನು ಹೋಗಿದೆ ಅಣ್ಣಾ? ಹೇಗೆ ಗೊತ್ತಾಯಿತು? ತೆಗೆದ ಭಾಗ ಕೊಡಿ, ಬಿಲ್ ಕೊಡಿ." ಪ್ರಾಮಾಣಿಕ ರಿಪೇರಿಯವನು ಇದಕ್ಕೆ ಸಿಟ್ಟಾಗುವುದಿಲ್ಲ, ಬಿಚ್ಚಿ ತೋರಿಸುತ್ತಾನೆ.

ಕಲಿತದ್ದನ್ನು ಕನ್ನಡದಲ್ಲಿ ಬರೆದಿಡಿ, ಊರಿಗೆ ಹೋಗಿ ತಮ್ಮ ತಂಗಿಯರಿಗೆ ಹೇಳಿ. ಯಂತ್ರಕ್ಕೆ ಭಾಷೆಯ ಹಂಗಿಲ್ಲ ಗೆಳೆಯರೇ. ಅದರ ಕಾಯಿಲೆಯನ್ನು ಕನ್ನಡದಲ್ಲೇ ಅರಿಯಬಹುದು, ಕನ್ನಡದಲ್ಲೇ ವಾಸಿ ಮಾಡಬಹುದು!