ತೂಕ ಇಳಿಸಲು ಕ್ಯಾಲೊರಿ ಲೆಕ್ಕ ಬೇಕೇ?

(ಚಿನಕುರಳಿಯಲ್ಲಿ ನಡೆದ ಹಾಲು ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ರಾಸುಗಳ ಮೇವಿನ ವಿಷಯ ಹೇಳಲು ಬಂದವನ ಹತ್ತಿರ ನಿಮ್ಮ ಊಟದ ವಿಷಯ ಕೇಳಿದ್ದೀರಿ. ಕೇಳುವುದಕ್ಕೆ ಕಾರಣವೂ ಇದೆ. ಈಗ ಊರಿಗೊಂದಿಷ್ಟು ಮನೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ಬಂದು ಕೂತಿವೆ. ಆಸ್ಪತ್ರೆಗೆ ಹೋದರೆ ಡಾಕ್ಟರು "ತೂಕ ಇಳಿಸಿ" ಎನ್ನುತ್ತಾರೆ. ಬೆಂಗಳೂರಿನಿಂದ ಬಂದ ಮಗ ಮೊಬೈಲ್ ತೋರಿಸಿ, "ತಿಂದದ್ದನ್ನೆಲ್ಲ ಇದರಲ್ಲಿ ಹಾಕಪ್ಪ, ಎಷ್ಟು ಕ್ಯಾಲೊರಿ ಅಂತ ಇದೇ ಹೇಳುತ್ತೆ" ಎನ್ನುತ್ತಾನೆ. "ಹಸುವಿಗೆ ಲೆಕ್ಕ ಹಾಕಿ ತಿನ್ನಿಸಿ ಅನ್ನೋರು ನೀವೇ ಅಲ್ಲವೇ, ನಮಗೂ ಲೆಕ್ಕ ಬೇಕಾ?" ಎಂಬುದು ನಿಮ್ಮ ಪ್ರಶ್ನೆ.

ನಾನು ಪಶುವೈದ್ಯ. ನಿಮ್ಮ ಕಾಯಿಲೆಗೆ ಔಷಧಿ ಹೇಳುವುದು ನನ್ನ ಕೆಲಸವಲ್ಲ. ಆದರೆ ಒಳಗೆ ಹೋದದ್ದು ಎಷ್ಟು, ಖರ್ಚಾದದ್ದು ಎಷ್ಟು, ಮೈಯಲ್ಲಿ ಉಳಿದದ್ದು ಎಷ್ಟು ಎಂಬ ಲೆಕ್ಕವೇ ನಮ್ಮ ವೃತ್ತಿ. ಅಷ್ಟರ ಮಟ್ಟಿಗೆ ಮಾತನಾಡುತ್ತೇನೆ.

ಕ್ಯಾಲೊರಿ ಎಂದರೇನು?

ಒಂದು ಲೀಟರ್ ನೀರಿನ ಶಾಖವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಕ್ತಿಯನ್ನೇ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ ಎನ್ನುತ್ತಾರೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4, ಒಂದು ಗ್ರಾಂ ಸಸಾರಜನಕದಲ್ಲಿ 4, ಒಂದು ಗ್ರಾಂ ಜಿಡ್ಡಿನಲ್ಲಿ 9 ಕ್ಯಾಲೊರಿ ಇರುತ್ತದೆ.

ಇದು ನಿಮಗೆ ಹೊಸದಲ್ಲ. ದಿನವೂ ಡೇರಿಯಲ್ಲಿ ನಿಮ್ಮ ಕೈಗೆ ಬರುವ ಚೀಟಿಯಲ್ಲೇ ಈ ಲೆಕ್ಕವಿದೆ. ಜಿಡ್ಡು 3.5, ಎಸ್.ಎನ್.ಎಫ್. 8.5 ಎಂದು ಬಂತು ಎನ್ನೋಣ. 100 ಗ್ರಾಂ ಹಾಲಿನಲ್ಲಿ ಜಿಡ್ಡಿನಿಂದ ಸುಮಾರು 31 ಕ್ಯಾಲೊರಿ. ಎಸ್.ಎನ್.ಎಫ್.ನಲ್ಲಿ ಖನಿಜಾಂಶ ಕಳೆದು ಉಳಿದ ಸಸಾರಜನಕ ಮತ್ತು ಹಾಲಿನ ಸಕ್ಕರೆಯಿಂದ ಸುಮಾರು 31. ಒಟ್ಟು ಸುಮಾರು 62. ಲೀಟರಿಗೆ 600ಕ್ಕೂ ಸ್ವಲ್ಪ ಹೆಚ್ಚು. ಹಾಲಿನ ದರ ನಿರ್ಧರಿಸುವ ಅಂಕಿಗಳೇ ಅದರ ಶಕ್ತಿಯನ್ನೂ ಹೇಳುತ್ತವೆ.

ಲೆಕ್ಕ ಸುಳ್ಳಲ್ಲ

ಕರು ಹಾಕಿದ ಮೊದಲ ಒಂದೆರಡು ತಿಂಗಳು ಒಳ್ಳೆಯ ಮಿಶ್ರತಳಿ ಹಸು ಏಕೆ ಇಳಿದು ಹೋಗುತ್ತದೆ? ಹಾಲಿನಲ್ಲಿ ಹೊರಗೆ ಹೋಗುವ ಶಕ್ತಿ, ಅದು ತಿನ್ನಬಲ್ಲ ಮೇವಿನ ಶಕ್ತಿಗಿಂತ ಹೆಚ್ಚು. ಕೊರತೆಯನ್ನು ಮೈ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಮನುಷ್ಯ ತೂಕ ಇಳಿಯುವುದೂ ಇದೇ ರೀತಿ. ಖರ್ಚಿಗಿಂತ ಆದಾಯ ಕಡಿಮೆಯಾದಾಗ ಮಾತ್ರ ಕೂಡಿಟ್ಟದ್ದು ಕರಗುತ್ತದೆ. ಇದಕ್ಕೆ ಬೇರೆ ದಾರಿ ಇಲ್ಲ. ಯಾವ ಪುಡಿಯೂ, ಯಾವ ಕಷಾಯವೂ ಈ ಲೆಕ್ಕವನ್ನು ತಪ್ಪಿಸಲಾರದು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಈಗೇಕೆ ಹೊಟ್ಟೆ ಬರುತ್ತಿದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿ ನೋಡಿ. 65 ಕಿಲೋ ತೂಕದ ಗಂಡಸು ಭಾರಿ ಮೈಕೆಲಸ ಮಾಡಿದರೆ ದಿನಕ್ಕೆ 3,470 ಕ್ಯಾಲೊರಿ ಬೇಕು. ಕೂತು ಕೆಲಸ ಮಾಡಿದರೆ 2,110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಇದೇ ಅಂಕಿಗಳು 2,720 ಮತ್ತು 1,660. ಗಂಡಸಿನ ಲೆಕ್ಕದಲ್ಲಿ ವ್ಯತ್ಯಾಸ 1,360 ಕ್ಯಾಲೊರಿ!

ಹಿಂದೆ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆಯನ್ನು ಹಳ್ಳಿಕಾರ್ ಜೋಡಿ ಕಟ್ಟಿ ಉಳುತ್ತಿದ್ದೆವು. ಕಬ್ಬಿನ ಹೊರೆ ತಲೆಯ ಮೇಲೆ ಬರುತ್ತಿತ್ತು. ಈಗ ಉಳುವುದು ಟಿಲ್ಲರ್ ಮತ್ತು ಟ್ರಾಕ್ಟರ್, ಹಲವು ಕೊಟ್ಟಿಗೆಗಳಲ್ಲಿ ಹಾಲು ಕರೆಯುವುದು ಯಂತ್ರ, ಡೇರಿಗೆ ಕ್ಯಾನ್ ಹೋಗುವುದು ಬೈಕಿನಲ್ಲಿ. ಕೆಲಸ ಹಗುರವಾದದ್ದು ಒಳ್ಳೆಯದೇ. ಆದರೆ ತಟ್ಟೆಯಲ್ಲಿ ಮುದ್ದೆ ಮತ್ತು ಅನ್ನ ಉಳುವ ಕಾಲದಷ್ಟೇ ಇದೆ. ಬತ್ತಿದ ಹಸುವಿಗೆ ಕರೆಯುವ ಹಸುವಿನ ಹಿಂಡಿ ಹಾಕಿದಂತಾಯಿತು. ಬತ್ತಿದ ಹಸು ಹಾಗೆ ತಿಂದು ಅತಿಯಾಗಿ ಕೊಬ್ಬಿದರೆ ಕರು ಹಾಕುವಾಗ ಕಷ್ಟ, ಹಾಕಿದ ಮೇಲೆ ಮೇವು ತಿನ್ನದೆ ಕೀಟೋಸಿಸ್‌ಗೆ ಬೀಳುತ್ತದೆ. ಮನುಷ್ಯನಿಗೆ ಬರುವುದು ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಜನಕ್ಕೆ ಸಕ್ಕರೆ ಕಾಯಿಲೆ, ಸುಮಾರು 39.5 ಜನಕ್ಕೆ ಹೊಟ್ಟೆಯ ಬೊಜ್ಜು.

ಆದರೆ ದಿನವೂ ಬರೆಯಬೇಕೇ?

ಲೆಕ್ಕ ನಿಜ ಎಂಬುದು ಒಂದು ಮಾತು. ಅದನ್ನು ದಿನವೂ ನಾವೇ ಬರೆಯಬೇಕು ಎಂಬುದು ಇನ್ನೊಂದು ಮಾತು. ಇವೆರಡನ್ನೂ ಬೆರೆಸಬಾರದು.

ಹಸುವಿನ ವಿಷಯದಲ್ಲಿ ನೀವು ಏನು ಮಾಡುತ್ತೀರಿ? ಮೈ ಪೋಷಣೆಗೆ ಇಷ್ಟು, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ, ಎಮ್ಮೆಯಾದರೆ ಎರಡು ಲೀಟರಿಗೆ ಒಂದು ಕಿಲೋ. ಈ ಸೂತ್ರದ ಹಿಂದೆ ಶಕ್ತಿಯ ಲೆಕ್ಕ ಪೂರ್ತಿ ಇದೆ, ಆದರೆ ನೀವು ಅಳೆಯುವುದು ಡಬ್ಬದಲ್ಲಿ. ಆಮೇಲೆ ಪಕ್ಕೆಲುಬು, ಸೊಂಟದ ಮೂಳೆ, ಬಾಲದ ಬುಡ ನೋಡುತ್ತೀರಿ. ಮೂಳೆ ಎದ್ದು ಕಂಡರೆ ಡಬ್ಬ ಹೆಚ್ಚಿಸುತ್ತೀರಿ, ಬಾಲದ ಬುಡ ಕೊಬ್ಬಿನಿಂದ ಮುಚ್ಚಿದರೆ ಇಳಿಸುತ್ತೀರಿ. ನಾವು ಒಂದರಿಂದ ಐದರವರೆಗೆ ಅಂಕ ಕೊಟ್ಟು ಮಾಡುವುದೂ ಇದನ್ನೇ. ಕಂಪ್ಯೂಟರಿನಲ್ಲಿ ಪಡಿತರ ಲೆಕ್ಕ ಹಾಕುವ ಕಾರ್ಯಕ್ರಮವನ್ನು ರಾಷ್ಟ್ರೀಯ ಡೇರಿ ಯೋಜನೆ 2012ರಿಂದ ನಡೆಸಿದಾಗಲೂ ಕೊನೆಗೆ ರೈತರ ಕೈಗೆ ಕೊಟ್ಟದ್ದು ಇಷ್ಟು ಹುಲ್ಲು, ಇಷ್ಟು ಹಿಂಡಿ, ಇಷ್ಟು ಖನಿಜ ಮಿಶ್ರಣ ಎಂಬ ಸರಳ ಅಳತೆಯನ್ನೇ.

ಮನುಷ್ಯರಲ್ಲೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಜಿಡ್ಡು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ. ಯಾರಿಗೂ ಕ್ಯಾಲೊರಿಯ ಮಿತಿ ಹಾಕಲಿಲ್ಲ. ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ, ಮನೆಯಲ್ಲೇ ಅಡಿಗೆ ಮಾಡಿ ಎಂದರು. ಒಂದು ವರ್ಷದ ನಂತರ ಸರಾಸರಿ ಒಂದು ಗುಂಪು 5.3 ಕಿಲೋ, ಇನ್ನೊಂದು 6 ಕಿಲೋ ಇಳಿದಿತ್ತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕ್ಯಾಲೊರಿ ಎಣಿಸದೆಯೂ ತೂಕ ಇಳಿಯುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಎಣಿಸುವುದರಲ್ಲಿ ಇರುವ ತೊಡಕು

ಮೊದಲನೆಯದು, ಅಳತೆ. ನಿಮ್ಮ ಮನೆಯ ಮುದ್ದೆ, ಪಕ್ಕದ ಮನೆಯ ಮುದ್ದೆ ಒಂದೇ ಗಾತ್ರವೇ? ಮೊಬೈಲಿಗೆ ಒಂದು ಮುದ್ದೆ ಎಂದರೆ ಅದು ಯಾರ ಮನೆಯ ಮುದ್ದೆಯನ್ನು ಲೆಕ್ಕಕ್ಕೆ ಹಿಡಿಯಬೇಕು?

ಎರಡನೆಯದು, ಮರೆವು. "ಏನೂ ತಿನ್ನಾಕಿಲ್ಲ ಡಾಕ್ಟ್ರೇ, ನೀರು ಕುಡುದ್ರೂ ಮೈ ಬತ್ತದೆ" ಎಂದು ನಮ್ಮ ತಾಯಂದಿರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನ್ಯೂಯಾರ್ಕಿನ ವಿಜ್ಞಾನಿಗಳು 1992ರಲ್ಲಿ ಇಂಥವರನ್ನೇ ಪರೀಕ್ಷಿಸಿದಾಗ, ಅವರು ಬರೆದುಕೊಟ್ಟದ್ದು ನಿಜವಾಗಿ ತಿಂದದ್ದರ ಅರ್ಧದಷ್ಟು ಮಾತ್ರ ಇತ್ತು. ಮಕ್ಕಳು ಬಿಟ್ಟ ಅನ್ನ ಚೆಲ್ಲಬಾರದೆಂದು ತಿಂದದ್ದು, ಪಾತ್ರೆಯ ತಳದ ಪಲ್ಯ, ಸಂತೆಯ ಬೋಂಡ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಮೂರನೆಯದು ಮುಖ್ಯ. ಕಾಗದದ ಮೇಲಿನ ಕ್ಯಾಲೊರಿಯೇ ಎಲ್ಲವೂ ಅಲ್ಲ. ಭತ್ತದ ಹುಲ್ಲನ್ನೂ ಮುಸುಕಿನ ಜೋಳವನ್ನೂ ಸುಟ್ಟು ಅಳೆದರೆ ಬರುವ ಶಾಖದಲ್ಲಿ ಭಾರಿ ವ್ಯತ್ಯಾಸವಿಲ್ಲ. ಹಸುವಿನ ಹೊಟ್ಟೆಯಲ್ಲಿ ಮಾತ್ರ ಹುಲ್ಲಿನ ಅರ್ಧವೂ ದಕ್ಕುವುದಿಲ್ಲ, ಜೋಳ ಬಹುಪಾಲು ದಕ್ಕುತ್ತದೆ. ನಮ್ಮ ಊಟದಲ್ಲೂ ಇಂಥ ಭೇದವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಬಿಳಿ ಅಕ್ಕಿಯಲ್ಲಿ ಸುಮಾರು 355. ಅಂತರ ಸಣ್ಣದು. ಆದರೆ ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ನಾರು ಹೊಟ್ಟೆ ತುಂಬಿಸಿ ಹಸಿವು ತಡೆಯುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟ ಜಿಲ್ಲೆ ನಮ್ಮದು. ಆ ರಾಗಿ ಬಿಟ್ಟು ಪ್ಯಾಕೆಟ್ಟಿನ ತಿಂಡಿಗೆ ಕೈ ಹಾಕುವುದು ಬೇಡ. 2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯೊಂದು 20 ಜನರನ್ನು ಒಳಗೇ ಇರಿಸಿಕೊಂಡು ನೋಡಿತು. ಕಾರ್ಖಾನೆಯ ತಯಾರಿ ತಿಂಡಿ ಬೇಕಾದಷ್ಟು ಇಟ್ಟಾಗ, ಸಾದಾ ಅಡಿಗೆ ಇಟ್ಟಾಗಿಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಏನು ತಿನ್ನುತ್ತೇವೆ ಎಂಬುದು ಎಷ್ಟು ತಿನ್ನುತ್ತೇವೆ ಎಂಬುದನ್ನು ನಿರ್ಧರಿಸುತ್ತದೆ.

ಹಾಗೆಂದು ರಾಗಿ ಎಂದರೆ ಎಷ್ಟು ಬೇಕಾದರೂ ಎಂದಲ್ಲ. ಮೂರು ಮುದ್ದೆ ನುಂಗಿ "ರಾಗಿ ತಾನೇ" ಎಂದರೆ ಲೆಕ್ಕ ಸುಮ್ಮನಿರುವುದಿಲ್ಲ.

ಒಂದು ಸಲ ಸೋರಿಕೆ ಹುಡುಕಿ

ಎಣಿಕೆ ಪೂರ್ತಿ ವ್ಯರ್ಥವೂ ಅಲ್ಲ. ಹಾಲು ಇದ್ದಕ್ಕಿದ್ದಂತೆ ಕಡಿಮೆಯಾದರೆ ಒಂದು ವಾರ ಪ್ರತಿ ಹೊತ್ತೂ ಅಳೆದು ನೋಡುವುದಿಲ್ಲವೇ? ಹಾಗೆಯೇ ಒಂದು ವಾರ ಹಾಲಿನ ಪಾಸ್ ಪುಸ್ತಕದಂತೆ ಒಂದು ಪುಸ್ತಕ ಇಡಿ. ಕ್ಯಾಲೊರಿ ಬರೆಯಬೇಡಿ. ಬಾಯಿಗೆ ಹೋದದ್ದನ್ನೆಲ್ಲ ಹೊತ್ತು ಹೊತ್ತಿಗೆ ಬರೆಯಿರಿ. ಸೋರಿಕೆ ತಾನೇ ಕಾಣುತ್ತದೆ.

ಬಹಳ ಮನೆಗಳಲ್ಲಿ ಅದು ಕಾಫಿ, ಟೀ ಲೋಟದಲ್ಲಿ ಇರುತ್ತದೆ. ಲೋಟಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ಐದು ಲೋಟ. ಒಟ್ಟು 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಅದರ ಎರಡರಷ್ಟು ಟೀಯಲ್ಲೇ ಮುಗಿಯಿತು. ಬೆಲ್ಲ ಹಾಕಿದರೆ ಪರವಾಗಿಲ್ಲ ಎನ್ನುತ್ತೀರಿ. ಆಲೆಮನೆಗಳ ನಾಡಿನಲ್ಲಿ ನಿಂತು ಹೇಳಲು ಕಷ್ಟವೇ, ಆದರೂ ಹೇಳಬೇಕು. ಬೆಲ್ಲದ ಶಕ್ತಿ ಸಕ್ಕರೆಗಿಂತ ಅತ್ಯಲ್ಪ ಮಾತ್ರ ಕಡಿಮೆ.

ಹಾಲಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ತುಪ್ಪದ ಒಂದು ಸಣ್ಣ ಚಮಚದಲ್ಲಿ 45 ಕ್ಯಾಲೊರಿ ಇದೆ. ಮೈಸೂರು ಪಾಕ್, ಪೇಡ ನಮ್ಮ ನಂದಿನಿಯದೇ ಆದರೂ ಹಬ್ಬಕ್ಕೆ ಮೀಸಲಿಡಿ. ಆದರೆ ತೂಕ ಇಳಿಸಬೇಕೆಂದು ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಬರಿಯ ಅನ್ನ ತಿನ್ನುವುದು ತಪ್ಪು. ಒಂದು ಲೋಟ, ಅಂದರೆ 200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 125 ಕ್ಯಾಲೊರಿಯ ಜೊತೆ 6 ಗ್ರಾಂ ಉತ್ತಮ ಸಸಾರಜನಕ ಇದೆ. ಸಸಾರಜನಕ ಕಡಿಮೆ ಮಾಡಿ ಉಪವಾಸ ಬಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ದುಡಿಯುವ ಮೈಗೆ ಅದು ನಷ್ಟ.

ಅನುಸರಿಸಬೇಕಾದ ಕ್ರಮ

1. ಸೊಂಟ ಅಳೆಯಿರಿ. ಹಸುವಿನ ಎದೆ ಸುತ್ತಳತೆ ಹಿಡಿದು ತೂಕ ಕಂಡುಕೊಳ್ಳುವ ಟೇಪ್ ನಿಮಗೂ ಆಗುತ್ತದೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಎಚ್ಚರಿಕೆ. ತಿಂಗಳಿಗೊಮ್ಮೆ ಬರೆದಿಡಿ.

2. ಹದಿನೈದು ದಿನಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಹೊತ್ತು ತೂಕ ನೋಡಿ. ದಿನವೂ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

3. ಮುದ್ದೆ ಕಟ್ಟುವ ಬಟ್ಟಲು, ಅನ್ನ ಬಡಿಸುವ ಸೌಟು ಗೊತ್ತು ಮಾಡಿಕೊಳ್ಳಿ. ಮುದ್ದೆಯಾದರೆ ಒಂದೇ, ಅದರ ಮೇಲೆ ಅನ್ನ ಒಂದೇ ಸೌಟು. ಇದೇ ನಿಮ್ಮ ಡಬ್ಬ.

4. ತಟ್ಟೆಯ ಅರ್ಧ ಸೊಪ್ಪು, ತರಕಾರಿ ಇರಲಿ. ಬಸ್ಸಾರು, ಉಪ್ಪುಸಾರು, ಹುರುಳಿ ಮತ್ತು ಅವರೆ ಕಾಳು ನಮ್ಮ ಮನೆಗಳಲ್ಲೇ ಇವೆ. ಸಿಹಿ ಇಲ್ಲದ ಮಜ್ಜಿಗೆ ಒಳ್ಳೆಯದು.

5. ಟೀ ಎರಡು ಲೋಟಕ್ಕೆ ಇಳಿಸಿ, ಸಕ್ಕರೆಯನ್ನು ಅರ್ಧ ಮಾಡಿ. ಎಣ್ಣೆಯಲ್ಲಿ ಕರಿದದ್ದು ವಾರಕ್ಕೊಮ್ಮೆ ಸಾಕು.

6. ಡೇರಿಗೆ, ಹೊಲಕ್ಕೆ ಆದಷ್ಟು ನಡೆದು ಹೋಗಿ.

7. ಒಂದು ತಿಂಗಳಾದರೂ ಸೊಂಟವೂ ತೂಕವೂ ಅಲುಗದಿದ್ದರೆ ಡಬ್ಬ ಇನ್ನಷ್ಟು ಇಳಿಸಿ. ತೂಕ ಇಳಿದಂತೆ ಮೈಯ ಖರ್ಚೂ ಇಳಿಯುತ್ತದೆ. ಆದುದರಿಂದ ಮೊದಲು ಇಳಿದಷ್ಟು ವೇಗವಾಗಿ ಆಮೇಲೆ ಇಳಿಯುವುದಿಲ್ಲ. ಅದಕ್ಕೆ ನಿರಾಶರಾಗಬೇಡಿ.

ಯಾರು ಎಚ್ಚರ ವಹಿಸಬೇಕು?

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಹೊತ್ತು ತಪ್ಪಿಸಬಾರದು. ರಕ್ತದಲ್ಲಿ ಸಕ್ಕರೆ ಇಳಿದು ಕೊಟ್ಟಿಗೆಯಲ್ಲೇ ಕುಸಿದು ಬೀಳುವ ಅಪಾಯವಿದೆ. ಬಸುರಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ತೂಕ ಇಳಿಸುವ ಗೋಜಿಗೆ ಹೋಗುವುದು ಬೇಡ. ಮೂತ್ರಪಿಂಡದ ತೊಂದರೆ ಇರುವವರು ಕಾಳು, ಹಾಲಿನ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು. ವಾರಗಟ್ಟಲೆ ಉಪವಾಸ ಮಾಡಿ ಒಮ್ಮೆಲೇ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು.

ಇನ್ನೊಂದು ಮಾತು. ಚೆನ್ನಾಗಿ ತಿಂದರೂ ರಾಸು ಸೊರಗಿದರೆ ನೀವು ತಡಮಾಡದೆ ನಮ್ಮನ್ನು ಕರೆಸುತ್ತೀರಿ. ನೀವೇ ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದರೆ "ಒಳ್ಳೆಯದಾಯಿತು" ಎಂದು ಸಂತೋಷಪಡಬೇಡಿ. ಸಕ್ಕರೆ ಕಾಯಿಲೆ, ಕ್ಷಯ ಮೊದಲಾದವು ಹಾಗೆಯೇ ಶುರುವಾಗುತ್ತವೆ. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಬಂಧುಗಳೇ, ಕ್ಯಾಲೊರಿಯ ಲೆಕ್ಕ ನಾವು ಬರೆದರೂ ನಡೆಯುತ್ತದೆ, ಬರೆಯದಿದ್ದರೂ ನಡೆಯುತ್ತದೆ. ಅಂಕಿಯಲ್ಲಿ ಬರೆಯಲು ಇಷ್ಟವಿರುವವರು ಬರೆಯಲಿ, ತಪ್ಪೇನಿಲ್ಲ. ಉಳಿದವರಿಗೆ ಒಂದು ಗೊತ್ತಾದ ಸೌಟು, ಒಂದು ಟೇಪು, ತಿಂಗಳಿಗೊಂದು ಸಾಲು ಬರಹ ಸಾಕು. ರಾಸುಗಳಿಗೆ ಇಷ್ಟು ವರ್ಷ ಈ ಜಾಣ್ಮೆ ತೋರಿಸಿದ್ದೀರಿ. ಅದರಲ್ಲಿ ಒಂದು ಪಾಲು ನಿಮ್ಮ ಮೈಗೂ ಇರಲಿ. ಮುಂದಿನ ತಿಂಗಳ ಸಭೆಗೆ ಬರುವಾಗ ಗಂಡ ಹೆಂಡತಿ ಇಬ್ಬರೂ ಸೊಂಟದ ಅಳತೆ ಬರೆದುಕೊಂಡು ಬನ್ನಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.